ಹದಿನಾಲ್ಕು ಬಾಕ್ಸುಗಳ ಫಾರ್ಮ್

ನನ್ನ ಕೆಲಸದ ಬಗ್ಗೆ ನನಗೆ ಯಾವತ್ತೂ ಸಂಕೋಚವಿಲ್ಲ. ಹ್ಯಾರಿಸನ್ ಊರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ಹಲ್ಲಿನ ಡಾಕ್ಟರು, ಬೆಲ್‌ರೋಸಿನ ಸ್ವೀಟ್ ಅಂಗಡಿಯವರು, ಯಾರೂ ದೂರು ಹೇಳಿದ್ದಿಲ್ಲ. ಹಾಗಾಗಿ ವುಡ್‌ಬ್ರಿಡ್ಜ್‌ನಲ್ಲಿ ಸೀರೆಯ ಬ್ಲೌಸ್ ಹೊಲಿಯುವ ಧಾರವಾಡದ ಆಂಟಿ ಫೋನ್ ಮಾಡಿದಾಗ, ಇದು ಎರಡು ವಾರದ ಕೆಲಸ ಅಂದುಕೊಂಡೆ.

ಆಂಟಿ ವರ್ಷಾನುಗಟ್ಟಲೆ ಡ್ರೈಕ್ಲೀನಿಂಗ್ ಅಂಗಡಿಯೊಂದರ ಮೂಲೆಯಲ್ಲಿ ಕೂತು ಕಂಡವರ ಪ್ಯಾಂಟುಗಳ ಅಂಚು ಮಡಿಚಿ ಹೊಲಿದು, ಆಮೇಲೆ ಸ್ವಂತ ಅಂಗಡಿ ಹಾಕಿದ್ದರು. ಅಕ್ಕಪಕ್ಕದ ಗಿರಾಕಿಗಳು ಸಾಲುತ್ತಿರಲಿಲ್ಲ. ಡಿಸೆಂಬರಿಗೆ ಲೀಸ್ ಮುಗಿಯುತ್ತಿತ್ತು. ಅಷ್ಟರಲ್ಲಿ ದೂರದ ಊರುಗಳಿಂದ ಆರ್ಡರ್ ಬರದಿದ್ದರೆ ಮತ್ತೆ ಅದೇ ಮೂಲೆ.

"ನಾ ಮತ್ತ ಅಲ್ಲಿ ಹೋಗಿ ಕೂಡಂಗಿಲ್ಲ, ತಂಗಿ," ಅಂದರು.

ಸೈಟ್ ಮಾಡಿದೆ. ಅದರಲ್ಲಿ ನನಗೆ ಹೆಮ್ಮೆ ಇದ್ದದ್ದು ಅಳತೆಯ ಫಾರ್ಮಿನ ಬಗ್ಗೆ. ಹದಿನಾಲ್ಕು ಬಾಕ್ಸು, ಪ್ರತಿಯೊಂದರ ಪಕ್ಕದಲ್ಲಿ ಟೇಪು ಎಲ್ಲಿ ಹಿಡಿಯಬೇಕೆಂದು ತೋರಿಸುವ ಪುಟ್ಟ ಚಿತ್ರ. ಆಂಟಿ ಕನ್ನಡಕ ಏರಿಸಿಕೊಂಡು ನೋಡಿದರು.

"ಇದನ್ನ ಯಾರೂ ತುಂಬಂಗಿಲ್ಲ. ಅಳತಿ ಬ್ಲೌಸ್ ಕಳಸ್ರಿ ಅಂತ ಬರಿ, ಸಾಕು."

ಮೈಗೆ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಟೈಲರಿಗೆ ಕೊಟ್ಟು, ಇದರ ಹಾಗೇ ಹೊಲಿಯಿರಿ ಎನ್ನುವುದು ನಮ್ಮ ಕಡೆಯ ರೂಢಿ. ಮೈಸೂರಿನಲ್ಲಿ ನನ್ನಮ್ಮನೂ ಹಾಗೇ ಮಾಡುತ್ತಿದ್ದಳು. ಆನ್‌ಲೈನಿನಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದು ನಾನು ಆಂಟಿಗೆ ಪಾಠ ಹೇಳಿದೆ.

ಸೆಪ್ಟೆಂಬರ್ ಕಳೆಯಿತು. ಸೈಟಿಗೆ ಜನ ಬರುತ್ತಿದ್ದರು, ಫಾರ್ಮ್ ತೆರೆಯುತ್ತಿದ್ದರು, ನಾಲ್ಕನೆಯ ಬಾಕ್ಸಿನ ಹೊತ್ತಿಗೆ ಪರಾರಿ. ನಾನು ಬಣ್ಣ ಬದಲಿಸಿದೆ, ಬಟನ್ ದೊಡ್ಡದು ಮಾಡಿದೆ. ಕೊನೆಗೆ, ತಪ್ಪು ಫಾರ್ಮಿನದಲ್ಲ ಎಂದು ತೋರಿಸಲು ನಾನೇ ಕನ್ನಡಿಯ ಮುಂದೆ ನಿಂತು, ಟೇಪು ಸುತ್ತಿಕೊಂಡು, ಹದಿನಾಲ್ಕನ್ನೂ ತುಂಬಿ ನನಗೊಂದು ಬ್ಲೌಸಿಗೆ ಆರ್ಡರ್ ಕಳಿಸಿದೆ.

ಮುಂದಿನ ವಾರ ಅಂಗಡಿಗೆ ಹೋದರೆ ಬ್ಲೌಸ್ ಸಿದ್ಧವಾಗಿತ್ತು.

"ನೀ ಬರದಂಗನ ಹೊಲದೇನಿ. ಹಾಕ್ಕೊಂಡ್ ನೋಡು."

ಪರದೆಯ ಹಿಂದೆ ಹೋಗಿ ಹಾಕಿಕೊಂಡೆ. ಹುಕ್ಕು ಬೀಳಲು ಉಸಿರು ಬಿಗಿಹಿಡಿಯಬೇಕಾಯಿತು. ಕೈ ಭುಜದಿಂದ ಮೇಲೆ ಏಳಲೇ ಇಲ್ಲ, ಬಿಚ್ಚಲು ಆಂಟಿಯನ್ನೇ ಕರೆಯಬೇಕಾಯಿತು. ಅವರು ನಗಲಿಲ್ಲ.

"ತಪ್ಪು ನನ್ನ ಕತ್ರೀದೋ, ನಿನ್ನ ಫಾರ್ಮಿಂದೋ?" ಅಂದರು, ಅಷ್ಟೇ.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ನನ್ನ ಹಟದಿಂದ ಅವರಿಗೆ ಇಡೀ ಒಂದು ತಿಂಗಳು ದಂಡವಾಗಿತ್ತು.

ಅಲ್ಲೇ ಕೂತು ಹದಿನಾಲ್ಕು ಬಾಕ್ಸುಗಳನ್ನೂ ಅಳಿಸಿದೆ. ನಿಮಗೆ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಕಳಿಸಿ, ಹೊಸದರ ಜೊತೆ ಅದನ್ನೂ ಹಿಂದಿರುಗಿಸುತ್ತೇವೆ ಎಂದು ಬರೆದು, ಕೆಳಗೆ ಪ್ರಿಂಟ್ ಮಾಡಿಕೊಳ್ಳಲು ವಿಳಾಸದ ಲೇಬಲ್ ಇಟ್ಟೆ. ಹತ್ತು ನಿಮಿಷದ ಕೆಲಸ. ನಾನು ಮಾಡಿದ ಪುಟಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ.

ದೀಪಾವಳಿಗೆ ಮುಂಚೆಯೇ ಪಾರ್ಸೆಲ್‌ಗಳು ಬರತೊಡಗಿದವು. ಬಣ್ಣ ಮಾಸಿದ ಬ್ಲೌಸುಗಳು, ಕಂಕುಳಲ್ಲಿ ಹೊಲಿಗೆ ಬಿಟ್ಟ ಬ್ಲೌಸುಗಳು. ಒಂದಕ್ಕೆ 'ಎಡಗೈ ಸ್ವಲ್ಪ ಸಡಿಲ ಇರಲಿ' ಎಂಬ ಚೀಟಿಯನ್ನು ಪಿನ್ನು ಹಾಕಿ ಸಿಕ್ಕಿಸಿದ್ದರು. ಆಂಟಿ ಅವನ್ನೆಲ್ಲ ಮಗುಚಿ ನೋಡುತ್ತ, ಯಾರಿಗೆ ಬೆನ್ನು ಅಗಲ, ಯಾರಿಗೆ ಭುಜ ಇಳಿಜಾರು ಎಂದು ಮುಖ ನೋಡದೆಯೇ ಹೇಳುತ್ತಿದ್ದರು.

ಡಿಸೆಂಬರಿನಲ್ಲಿ ಅವರು ಹೊಸ ಲೀಸಿಗೆ ಸಹಿ ಹಾಕಿದ ಮರುದಿನ, ಆ ಬಿಗಿ ಬ್ಲೌಸನ್ನು ಸಡಿಲ ಮಾಡಿಸಿಕೊಳ್ಳಲು ಹೋದೆ. ಆಂಟಿ ಮಷಿನ್ನಿನಿಂದ ತಲೆ ಎತ್ತದೆ ಪಾರ್ಸೆಲ್ ರಾಶಿಯ ಕಡೆ ಕೈ ತೋರಿಸಿದರು.

"ಎಲ್ಲಾದರ ಕೆಳಗ ಇಡು, ತಂಗಿ. ಅಳತಿ ಬ್ಲೌಸ್ ತಂದೀಯೇನು?"

ತಂದಿದ್ದೆ.