ಸೋಮವಾರ ಉಣ್ಣಬಹುದಾದ ಅಕ್ಕಿ

ಬೆಳಿಗ್ಗೆ ಹತ್ತೂವರೆಗೆ ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ ಬಂತೆಂದರೆ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ನೋಡಬೇಕಾಗಿಲ್ಲ, ಅವತ್ತು ಸೋಮವಾರ. ಉಳಿದ ದಿನ ಆ ಹೊತ್ತಿಗೆ ಬಂಗಡೆಯೋ ತಾರ್ಲೆಯೋ ಕುದಿಯುತ್ತಿರುತ್ತದೆ. ಕಾರವಾರ, ಅಂಕೋಲೆ ಕಡೆಯ ಮೀನು ತಿನ್ನುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರು ಇಷ್ಟು ತಿಳಿದುಕೊಳ್ಳಿ: ಮೀನಿಲ್ಲದೆ ತುತ್ತು ಇಳಿಯದ ನಾವು ಸೋಮವಾರ ಮೀನಿನ ಸೌಟನ್ನೂ ಮುಟ್ಟುವುದಿಲ್ಲ. ಇವತ್ತೂ ಆ ವಾಸನೆ ಬಂತು, ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಹೆಂಡತಿ ಒಳಗಿನಿಂದಲೇ, "ಮತ್ತೆ ನೆನಪಾಯ್ತಾ ನಿಮ್ಮ ಭಾನಗಡಿ?" ಅಂದಳು.

ಆ ಭಾನಗಡಿ, ಅಂದರೆ ನಾನು ಮಾಡಿಕೊಂಡ ಎಡವಟ್ಟು, ಮೂರು ವರ್ಷದ ಹಿಂದಿನದು. ನನ್ನ ಮಗಳು ಶ್ವೇತಾ ಧಾರವಾಡದ ಕಡೆ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಉಪ್ಪುನೀರು ನುಗ್ಗಿದರೂ ಸಾಯದ ಭತ್ತವನ್ನು ಮಾಡಲು ಹೊರಟ ತಂಡ ಅವಳದು. ನಮ್ಮಲ್ಲಿ ಹೊಳೆಯಂಚಿನ ಅಂಥ ಗದ್ದೆಗೆ ಗಜನಿ ಅನ್ನುತ್ತಾರೆ. ಕಟ್ಟೆ ಒಡೆದು ಉಪ್ಪುನೀರು ಒಳಗೆ ಬಂದರೆ ಆ ವರ್ಷ ಹೆಚ್ಚಿನವರ ಪೈರು ಹೋದಂತೆಯೇ. ಹೊಳೆ ದಂಡೆಯ ಉಪ್ಪು ಕೆಸರಿನಲ್ಲಿ ಆರಾಮಾಗಿ ನಿಲ್ಲುವ ಕಾಂಡ್ಲಾ ಗಿಡದ ಒಂದು ಜೀನನ್ನು ತೆಗೆದು ಭತ್ತಕ್ಕೆ ಸೇರಿಸುವುದು ಅವರ ಕೆಲಸ. ಇದನ್ನು ಈಗ ಎಷ್ಟು ಚೆಂದ ಹೇಳಿದೆ ನೋಡಿ! ಆಗ ಇದರಲ್ಲಿ ಒಂದಕ್ಷರವೂ ನನ್ನ ತಲೆಗೆ ಹೋಗಿರಲಿಲ್ಲ. ಪ್ರತಿ ಭಾನುವಾರ ಅವಳು ಫೋನಿನಲ್ಲಿ ವಿವರಿಸುತ್ತಿದ್ದಳು, ನಾನು "ಹೂಂ, ಹೂಂ" ಅನ್ನುತ್ತಿದ್ದೆ. ಕದ್ರಾದ ಪವರ್‌ಹೌಸಿನಲ್ಲಿ ಇಪ್ಪತ್ತು ವರ್ಷ ಸ್ಟೋರ್ ನೋಡಿಕೊಂಡವನು ನಾನು. ಎಂಜಿನಿಯರುಗಳ ಮಾತು ತಿಳಿಯದಿದ್ದರೂ ತಿಳಿದವನ ಹಾಗೆ ತಲೆ ಆಡಿಸುವುದನ್ನು ಅಲ್ಲೇ ಕಲಿತೆ.

ಒಂದು ದಿನ ಅಂಕೋಲೆಯ ಮೀನು ಪೇಟೆಯಲ್ಲಿ ಶಾರದಾಬಾಯಿ ಮುಂದೆ ನಿಂತಿದ್ದೆ. ಹಾರವಾಡದವಳು, ಇಪ್ಪತ್ತು ವರ್ಷದಿಂದ ನಮಗೆ ಮೀನು ಕೊಡುವವಳು. ಕೇಳುವ ಮೊದಲೇ ಮೀನಿನ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಾಳೆ. ಕೆಂಪಿಲ್ಲದ ದಿನ, "ಇವತ್ತು ಬ್ಯಾಡ, ನಿನ್ನೇದು" ಎಂದು ತಾನೇ ವಾಪಸು ಕಳಿಸುತ್ತಾಳೆ. ಅವಳ ತವರಿಗೂ ಒಂದಿಷ್ಟು ಗಜನಿ ಇದೆ. ಮಗಳ ಕೆಲಸದ ಬಗ್ಗೆ ನಾನು ಜಂಬ ಕೊಚ್ಚಿದ್ದೇ ಅವಳು ಕತ್ತಿ ಕೆಳಗಿಟ್ಟು ಕೇಳಿದಳು, "ಉಪ್ಪುನೀರಲ್ಲಿ ಭತ್ತ ಬದ್ಕುದು ಹ್ಯಾಂಗೆ ಅಣ್ಣಾ?"

ಸುತ್ತ ಹತ್ತು ಜನ ಕಿವಿ ನಿಮಿರಿಸಿದರು. ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜಂಬದ ಮೇಲೆ ಬಾಯಿ ಹೇಗೆ ಬರಬೇಕು? ಬುಟ್ಟಿಯಲ್ಲಿ ಬಂಗಡೆ ಹೊಳೆಯುತ್ತಿತ್ತು. "ಮೀನು ಬದ್ಕೂದಿಲ್ವಾ? ಅದರ ಗುಣ ತೆಗ್ದು ಭತ್ತಕ್ಕೆ ಹಾಕೂದು," ಅಂದುಬಿಟ್ಟೆ.

"ಹೌದ್ರಾ!" ಅಂದಳು ಶಾರದಾಬಾಯಿ.

ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಹಾರವಾಡ ಮುಟ್ಟಿತ್ತು. ವಾರದೊಳಗೆ ಕಾರವಾರಕ್ಕೆ ಹೋಗಿ ಬೈತಖೋಲದ ಬೋಟು ನಿಲ್ಲುವ ಧಕ್ಕೆಯಲ್ಲಿ ಒಂದು ಸುತ್ತು ಹಾಕಿ ಬಂತು. ಮದುವೆಮನೆಯಲ್ಲಿ ಒಬ್ಬರು, ಆ ಅನ್ನಕ್ಕೆ ಬರೀ ಹುಳಿ ಖಾರ ಹಾಕಿದರೆ ಸಾಕಲ್ಲ, ಬೇರೆ ಮೀನು ಯಾಕೆ ಎಂದು ಕೇಳಿದರು. ನಾನು ನಕ್ಕು ಜಾರಿಕೊಂಡೆ. ತಿದ್ದಬೇಕಿತ್ತು, ತಿದ್ದಲಿಲ್ಲ.

ಇದ್ಯಾವುದೂ ಗೊತ್ತಿಲ್ಲದ ಶ್ವೇತಾ ಹಾರವಾಡದಲ್ಲಿ ಸಭೆ ಇಟ್ಟುಕೊಂಡಳು. ಭತ್ತ ಇನ್ನೂ ಗಾಜಿನ ಮನೆಯ ಕುಂಡಗಳಲ್ಲೇ ಇತ್ತು. ಮುಂದಿನ ಹೆಜ್ಜೆ ಇಡುವ ಮೊದಲು ಗಜನಿಯವರ ಮಾತು ಕೇಳಬೇಕು, ಅದೂ ತನ್ನ ಊರ ಕಡೆಯವರಿಂದಲೇ ಶುರುವಾಗಬೇಕು ಎಂದು ಅವಳ ಹಟ. ಶಾಲೆಯ ಕೋಣೆ ತುಂಬಿತ್ತು. ಅರ್ಧ ತಾಸು ಚಿತ್ರ ತೋರಿಸಿ ಮಾತಾಡಿದಳು. ಮುಗಿದ ಮೇಲೆ ಶಾರದಾಬಾಯಿ ಎದ್ದಳು.

"ಎಲ್ಲಾ ಸಮ ಅದೆ ಮಗಾ. ಆ ಅಕ್ಕಿ ಸೋಮವಾರ ಉಣ್ಲಿಕ್ಕೆ ಅಡ್ಡಿಲ್ವಾ?"

"ಎಂಥ ಅಡ್ಡಿ?"

"ಮತ್ತೆ, ಮೀನಿನ ಅಂಶ ಅದೆ ಹೇಳಿ..."

"ಯಾರು ಹೇಳಿದ್ದು?"

ಕೋಣೆಯಲ್ಲಿದ್ದ ಎಲ್ಲ ತಲೆಗಳೂ ಕಿಟಕಿ ಪಕ್ಕ ಕೂತಿದ್ದ ನನ್ನ ಕಡೆ ತಿರುಗಿದವು. ಮೀನಿನದೇನೂ ಇಲ್ಲ, ಕಾಂಡ್ಲಾ ಗಿಡದ್ದು ಎಂದು ಶ್ವೇತಾ ಮತ್ತೆ ಹೇಳಿದಳು. ಗಜನಿ ಮಾಡುವ ಬೀರಣ್ಣಜ್ಜ ಕೂತಲ್ಲಿಂದಲೇ ಕೇಳಿದರು, "ಅಪ್ಪ ಒಂದು ಹೇಳ್ತ, ಮಗಳು ಒಂದು ಹೇಳ್ತದೆ. ನಾವು ಯಾವ್ದು ನಂಬುದು?"

ಮಗಳ ಮುಖ ನೋಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದಾಗ ಹೊಗಳಿದ ಊರು ಅದು. ಅದೇ ಊರಿನ ಮುಂದೆ ಅವಳ ಮಾತು ಸುಳ್ಳಾಗುತ್ತಿತ್ತು. ಅದೂ ನನ್ನಿಂದ. ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಆಗಿರಲಿಲ್ಲ. ಎದ್ದು ನಿಂತೆ. "ಮಗಳು ಹೇಳಿದ್ದೇ ಖರೆ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೂಕೆ ನಾಚ್ಕೆ ಆಯ್ತು. ಬುಟ್ಟೀಲಿ ಬಂಗಡೆ ಕಾಣ್ತು, ಅದ್ನೇ ಹೇಳ್ದೆ."

ಶಾರದಾಬಾಯಿ, "ಪುಣ್ಯ ಅಣ್ಣಾ, ಆ ದಿನ ಬುಟ್ಟೀಲಿ ಏಡಿ ಇರ್ಲಿಲ್ಲ! ಭತ್ತ ಗದ್ದೆ ಬಿಟ್ಟು ನಡೀತಿತ್ತು," ಅಂದಳು. ಕೋಣೆ ನಕ್ಕಿತು. ಬೀರಣ್ಣಜ್ಜ ಕಣ್ಣೊರೆಸಿಕೊಂಡು ನಕ್ಕರು. ನಕ್ಕಾದ ಮೇಲೆಯೇ ಅವರ ನಿಜವಾದ ಪ್ರಶ್ನೆ ಹೊರಗೆ ಬಂತು. ಗಜನಿಯಲ್ಲಿ ತಲೆತಲಾಂತರದಿಂದ ಉಪ್ಪು ತಡೆದು ನಿಂತ ಕಗ್ಗ ಭತ್ತ ಅವರದು. "ಇದರ ಹೂವಿನ ಹುಡಿ ಗಾಳೀಲಿ ಬಂದು ನಮ್ಮ ಕಗ್ಗಕ್ಕೆ ತಾಗಿದ್ರೆ?"

ಶ್ವೇತಾ ಕೈಯಲ್ಲಿದ್ದ ಹಾಳೆ ನೋಡಿದಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟಳು. "ನಂಗೂ ಇನ್ನೂ ಗೊತ್ತಿಲ್ಲ ಅಜ್ಜಾ. ಗೊತ್ತಾಗೂವರೆಗೆ ಈ ಬೀಜ ಇಲ್ಲಿಗೆ ತರೂದಿಲ್ಲ."

"ಹಾಂಗಾದ್ರೆ ಮತ್ತೊಂದ್ಸಲ ಬಾ," ಅಂದರು ಅಜ್ಜ. "ಕಗ್ಗ ಹ್ಯಾಂಗೆ ಅದೆ ಹೇಳಿ ನಾ ತೋರಿಸ್ತೆ."

ಸ್ಕೂಟರಿನಲ್ಲಿ ವಾಪಸು ಬರುವಾಗ ಹೆದ್ದಾರಿ ಸಿಕ್ಕಿದ್ದೇ ಹಿಂದೆ ಕೂತ ಶ್ವೇತಾ ನನ್ನ ಭುಜ ತಟ್ಟಿದಳು. "ಪಪ್ಪಾ, ಫೋನಲ್ಲಿ ಯಾವಾಗಿಂದ ಸುಮ್ನೆ ಹೂಂ ಅಂತಿದ್ದೆ?" ಎಂದು ಕೇಳಿದಳು. "ಶುರುವಿಂದ," ಅಂದೆ. ನನ್ನ ಬೆನ್ನಿಗೆ ಹಣೆ ಹಚ್ಚಿ ಎಷ್ಟು ನಕ್ಕಳೆಂದರೆ ಸ್ಕೂಟರ್ ಓಲಾಡಿತು. ನನಗೆ ಹೋದ ಜೀವ ಬಂತು.

ಇಂಥ ಬೆಳೆ ಬೇಕೋ ಬೇಡವೋ ಎಂದು ನೀವು ಕೇಳಿದರೆ ನನ್ನಲ್ಲಿ ಇವತ್ತಿಗೂ ಗಟ್ಟಿ ಉತ್ತರವಿಲ್ಲ. ಮಗಳ ಕೆಲಸ ಗೆಲ್ಲಲಿ ಎಂದು ಆಸೆ. ಅಜ್ಜನ ಕಗ್ಗ ಉಳಿಯಲಿ ಎಂದೂ ಆಸೆ. ಒಂದು ಮಾತ್ರ ಕಣ್ಣಾರೆ ಕಂಡೆ. ಆ ಕೋಣೆಯ ಜನ ಜೀನಿಗೆ ಹೆದರಿದ್ದು ಕಡಿಮೆ, ಎಲ್ಲ ಗೊತ್ತಿದೆ ಅನ್ನುವವರಿಗೆ ಹೆದರಿದ್ದೇ ಹೆಚ್ಚು.

ಇವತ್ತು ಶ್ವೇತಾ ಊರಿಗೆ ಬಂದಿದ್ದಾಳೆ. ನಾಳೆ ಗಜನಿಯವರೊಂದಿಗೆ ಅವಳ ಮೂರನೆಯ ಸಭೆ. ಅಲ್ಲಿ ಹಂಚುವ ಹಾಳೆಯನ್ನು ಜಗುಲಿಯಲ್ಲಿ ಕೂತು ನನಗೆ ಓದಿ ಹೇಳಿದಳು. ನಾನು ಸಾಲು ಸಾಲಿಗೂ ತಡೆದೆ.

"ಈಗ ತಿಳೀತಾ ಪಪ್ಪಾ?"

"ಇಲ್ಲ," ಅಂದೆ, ತಲೆ ಎತ್ತಿಯೇ ಅಂದೆ.

"ಹಾಂಗಾದ್ರೆ ನಾನೇ ಸಮ ಬರೀಲಿಲ್ಲ," ಎಂದು ಪೆನ್ನು ತೆಗೆದು ಇಡೀ ಹಾಳೆಗೆ ಅಡ್ಡ ಗೀಟು ಎಳೆದು, ಮೊದಲಿನಿಂದ ಬರೆಯಲು ಕೂತಳು.