ಗೋಣಿಯ ತಳಕ್ಕೆ ಕೈ

ನಮ್ಮಪ್ಪ ಅಡಿಕೆ ವ್ಯಾಪಾರಿ. ಮನೆ ಕಬಕದಲ್ಲಿ, ಅಂಗಡಿ ಪುತ್ತೂರು ಪೇಟೆಯಲ್ಲಿ. ಮಂಡೆಕೋಲಿನಿಂದಲೋ ಕಡಬದಿಂದಲೋ ಯಾರಾದರೂ ಗೋಣಿ ತಂದಿಳಿಸಿದರೆ ಅಪ್ಪ ಮೇಲಿನ ಅಡಿಕೆಯನ್ನು ಮುಟ್ಟುತ್ತಲೂ ಇರಲಿಲ್ಲ. ತೋಳು ಮಡಚಿ, ಕೈಯನ್ನು ಭುಜದವರೆಗೆ ಗೋಣಿಯೊಳಗೆ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಅಡಕತ್ತರಿಯಲ್ಲಿ ಸೀಳಿ ನೋಡುತ್ತಿದ್ದರು. “ಮೇಲಿನದ್ದನ್ನು ಎಲ್ಲರೂ ಚೆಂದ ಮಾಡಿಯೇ ಇಡುದು” ಎನ್ನುತ್ತಿದ್ದರು. ಸರಕು ಹಿಡಿಸಿದರೂ ಹೊಗಳುವ ಜಾಯಮಾನ ಅವರದಲ್ಲ. ಏನೂ ಹೇಳದೆ ಗೋಣಿಯ ಬಾಯಿಯನ್ನು ತಾವೇ ಕಟ್ಟಿಬಿಡುತ್ತಿದ್ದರು. ಅಪ್ಪ ಬಾಯಿ ಕಟ್ಟಿದರೆ ವ್ಯಾಪಾರ ಮುಗಿಯಿತೆಂದೇ ಅರ್ಥ, ಆಮೇಲೆ ಯಾರು ಏನು ಹೇಳಿದರೂ ಬದಲಾಗುತ್ತಿರಲಿಲ್ಲ.

ಅರವತ್ತರ ದಶಕದಲ್ಲಿ ಅವರ ಮಗಳಾದ ನಾನು ಪುತ್ತೂರಿನಲ್ಲಿ ಪಿಯುಸಿ ಪಾಸು ಮಾಡಿ, ಮೈಸೂರಿಗೆ ಹೋಗಿ ಡಿಗ್ರಿ ಓದುತ್ತೇನೆಂದು ಹಟ ಹಿಡಿದೆ.

“ಎಂತ ಕಲಿಯುದು?” ಎಂದು ಅಪ್ಪ ಕೇಳಿದರು.

ನನಗೆ ಗೊತ್ತಿರಲಿಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಂಬ ಅಕ್ಷರಗಳೇನೋ ಗೊತ್ತಿದ್ದವು. ಅವುಗಳ ಹಿಂದಿನ ಕೋಣೆಗಳಲ್ಲಿ ದಿನವಿಡೀ ಏನು ನಡೆಯುತ್ತದೆ ಎಂದು ಹೇಳುವವರು ನಮ್ಮ ಕಡೆ ಸಿಗಲಿಲ್ಲ. ಪಕ್ಕದ ಮನೆಯ ವಕೀಲರು ಕಾನೂನಿನ ಹೊರತು ಬೇರೆ ವಿದ್ಯೆಯೇ ಇಲ್ಲವೆಂಬಂತೆ ಮಾತಾಡಿದರು. ಅಮ್ಮ, “ಅದು ಕಲಿತರೆ ಒಲೆ ತನ್ನಿಂದ ತಾನೇ ಉರಿತದಾ?” ಎಂದು ಕೇಳಿದಳು. ನನಗೆ ಎಲ್ಲ ಕೋಣೆಗಳೊಳಗೂ ಒಮ್ಮೆ ಇಣುಕಬೇಕೆಂಬ ಆಸೆ.

“ನೋಡದೆ ತೆಗೊಳ್ಳುದು ಹೇಗೆ? ಹೋಗಿ ನೋಡುವ” ಎಂದರು ಅಪ್ಪ. ಆದರೆ ಒಂದು ಮಾತು ಸೇರಿಸಿದರು. ಒಂದೂ ಹಿಡಿಸದಿದ್ದರೆ ಅದೇ ಬಸ್ಸಿನಲ್ಲಿ ವಾಪಸು, ಆಮೇಲೆ ಕಾಲೇಜಿನ ಸುದ್ದಿಯೇ ಎತ್ತಬಾರದು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಎಲ್ಲರಿಗೂ ವಾಂತಿ ಬರುವುದು ತಿರುವುಗಳಿಂದ, ನನಗೆ ಆ ಮಾತಿನಿಂದ.

ಮೈಸೂರಿನಲ್ಲಿ ಯೂನಿವರ್ಸಿಟಿಯ ಕಾಲೇಜು ಕಟ್ಟಡಗಳನ್ನು ನೋಡಿ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಒಂದೊಂದು ಬಾಗಿಲಿನ ಮೇಲೆ ಒಂದೊಂದು ಹೆಸರು: ಅರ್ಥಶಾಸ್ತ್ರ, ತತ್ತ್ವಶಾಸ್ತ್ರ, ಸಸ್ಯಶಾಸ್ತ್ರ, ಭೂವಿಜ್ಞಾನ. ಒಂದರಿಂದ ಗ್ಯಾಸಿನ ವಾಸನೆ, ಇನ್ನೊಂದರಿಂದ ಸಂಸ್ಕೃತ ಶ್ಲೋಕ. ಜವಾನನೊಬ್ಬ ನಮ್ಮನ್ನು ಪ್ರೊಫೆಸರರ ಕೋಣೆಗೆ ಕರೆದೊಯ್ಯಲು ಬಂದ. ಅಪ್ಪ ತಡೆದರು.

“ಪ್ರೊಫೆಸರು ಬೇಡ ಮಾರಾಯ್ರೆ. ಇಲ್ಲಿ ಕಡಿಮೆ ಮಾರ್ಕಿನವರು, ಫೇಲಾದವರು ಎಲ್ಲಿ ಸಿಗುದು?”

ಜವಾನ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಕ್ಯಾಂಟೀನಿನ ಕಡೆ ಕೈ ತೋರಿಸಿ ನಡೆದುಬಿಟ್ಟ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಗೋಣಿಯ ತಳಕ್ಕೆ ಕೈ ಹಾಕುತ್ತಿದ್ದಾರೆ ಎಂದು ಇಡೀ ಮೈಸೂರಿನಲ್ಲಿ ತಿಳಿದವಳು ನಾನೊಬ್ಬಳೇ.

ಕ್ಯಾಂಟೀನಿನಲ್ಲಿ ಅಂಥವರಿಗೇನೂ ಬರವಿರಲಿಲ್ಲ. ಅಪ್ಪ ಒಬ್ಬೊಬ್ಬರ ಎದುರು ಕುಳಿತು, ಕಾಫಿ ತರಿಸಿಕೊಟ್ಟು, ಒಂದೇ ಪ್ರಶ್ನೆ ಕೇಳಿದರು: “ಇಲ್ಲಿ ಎಂತ ಕಲಿಸುದು ಮಾರಾಯ್ರೆ?” ಬಿ.ಕಾಂ. ಹುಡುಗ, “ನಮ್ಮಪ್ಪ ಸೇರಿಸಿದ್ರು ಸಾರ್, ಅವರನ್ನೇ ಕೇಳಬೇಕು” ಎಂದ. ತತ್ತ್ವಶಾಸ್ತ್ರದವನು ಕಾಫಿ ಕುಡಿದು ಮುಗಿಸಿ, “ಅದೇ ನನಗೂ ಗೊತ್ತಾಗ್ತಿಲ್ಲ” ಎಂದ. ಕೆಮಿಸ್ಟ್ರಿಯವನು ಸುಟ್ಟ ಅಂಗಿಯ ತುದಿ ತೋರಿಸಿದ. ಪಿಯುಸಿಯ ಲ್ಯಾಬಿನಲ್ಲಿ ಮೈಲುತುತ್ತದ ನೀಲಿಗೆ ಮರುಳಾಗಿದ್ದ ನಾನು ಕೆಮಿಸ್ಟ್ರಿಯ ಮೇಲೆಯೇ ಆಸೆ ಇಟ್ಟುಕೊಂಡಿದ್ದೆ. ಅಪ್ಪ ತಲೆ ಅಲ್ಲಾಡಿಸಿ ಎದ್ದರು. ಮಧ್ಯಾಹ್ನದ ಹೊತ್ತಿಗೆ ನನಗೆ ಕಬಕದ ಅಡುಗೆಮನೆ ಕಣ್ಣಿಗೆ ಕಟ್ಟತೊಡಗಿತ್ತು.

ಕೊನೆಗೆ ಸಿಕ್ಕಿದವನು ಭೂವಿಜ್ಞಾನದವನು. ಒಮ್ಮೆ ಡುಮ್ಕಿ ಹೊಡೆದು ಅದೇ ತರಗತಿಯಲ್ಲಿ ಮತ್ತೆ ಕುಳಿತಿದ್ದವನು. ಅಪ್ಪನ ಪ್ರಶ್ನೆಗೆ ಅವನು, “ನೀವು ಯಾವ ಊರಿನವರು ಸಾರ್?” ಎಂದು ಮರುಪ್ರಶ್ನೆ ಹಾಕಿದ. ಪುತ್ತೂರು ಎನ್ನುತ್ತಲೇ ಎದ್ದುನಿಂತ. “ಹಾಗಾದ್ರೆ ಬನ್ನಿ, ನಿಮ್ಮ ಮನೆ ತೋರಿಸ್ತೀನಿ.”

ಅವನು ನಮ್ಮನ್ನು ಭೂವಿಜ್ಞಾನದ ಕೋಣೆಗೆ ಕರೆದೊಯ್ದು ಗಾಜಿನ ಕಪಾಟಿನಿಂದ ಒಂದು ಕೆಂಪು ಕಲ್ಲು ತೆಗೆದ. ನಮ್ಮ ಮುರಕಲ್ಲು! ನಮ್ಮ ಮನೆಯ ಗೋಡೆ, ಬಾವಿಕಟ್ಟೆ, ಕೊಟ್ಟಿಗೆ ಎಲ್ಲ ಆ ಕಲ್ಲಿನದೇ. ಅದು ಕಪಾಟಿನೊಳಗೆ ದೇವರ ಹಾಗೆ ಕುಳಿತದ್ದನ್ನು ಕಂಡು ನನಗೆ ನಗು ಬಂತು. ಆ ಹುಡುಗ ಮಾತ್ರ ನಗಲಿಲ್ಲ. ಗಟ್ಟಿ ಬಂಡೆಯೊಂದು ಮಳೆಗೆ ನೆನೆದೂ ನೆನೆದೂ ಕರಗುವುದು ಕರಗಿ ಹೋಗಿ, ಕಬ್ಬಿಣದ ಅಂಶವೆಲ್ಲ ಉಳಿದು ಈ ಕಲ್ಲಾಯಿತು ಎಂದ. ನೆಲದೊಳಗೆ ಮೆತ್ತಗಿರುವುದು ಗಾಳಿ ಬಿಸಿಲಿಗೆ ಬಂದ ಮೇಲೆ ಒಣಗಿ ಗಟ್ಟಿಯಾಗುವುದೂ ಆ ಕಬ್ಬಿಣದಿಂದಲೇ ಎಂದ. ಗಂಟೆ ಬಾರಿಸಿತು, ಅವನ ಕ್ಲಾಸು ತಪ್ಪಿತು, ಅವನಿಗೆ ಪರಿವೆಯೇ ಇರಲಿಲ್ಲ.

ಅಪ್ಪ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕಡಿಯುವಾಗ ಮೆತ್ತಗೆ, ಗೋಡೆಗೆ ಇಟ್ಟ ಮೇಲೆ ಗಟ್ಟಿ. ಅದು ಯಾಕೆ ಅಂತ ನಾನು ಇಷ್ಟು ವರ್ಷದಲ್ಲಿ ಕೇಳಿಯೇ ಇಲ್ಲ ಅಲ್ಲವಾ!” ಎಂದರು. ಹೊರಗೆ ಬಂದವರೇ ತಮ್ಮ ಬಟ್ಟೆಯ ಸಂಚಿಯ ಬಾಯಿಗೆ ದಾರ ಸುತ್ತಿ ಬಿಗಿಯಾಗಿ ಕಟ್ಟಿದರು. ನನ್ನ ಡಿಗ್ರಿ ಯಾವುದೆಂದು ನನಗೆ ತಿಳಿದದ್ದು ಹಾಗೆ.

ಸೇರಿದ್ದೇನೋ ಸೇರಿದೆ. ಕ್ಲಾಸಿನಲ್ಲಿ ಹುಡುಗಿಯರು ನಾವಿಬ್ಬರೇ. ಕನ್ನಡದಲ್ಲಿ ಓದಿ ಬಂದವಳಿಗೆ ಇಂಗ್ಲಿಷಿನ ಪಾಠ ತಲೆಯ ಮೇಲಿನಿಂದ ಹಾರಿಹೋಗುತ್ತಿತ್ತು. ಕಲ್ಲು ಹೆಕ್ಕಲು ಹೊರಟರೆ ಎಲ್ಲರಿಗಿಂತ ಮುಂದೆ, ಉತ್ತರ ಬರೆಯಲು ಕುಳಿತರೆ ಎಲ್ಲರಿಗಿಂತ ಹಿಂದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನೇ ಕಟ್ಟಕಡೆ, ಫೇಲು ಕೂಡ. ಸುದ್ದಿ ಊರು ಮುಟ್ಟಿತು. ಇನ್ನು ಸಾಕು, ಕರೆದುಕೊಂಡು ಬನ್ನಿ ಎಂದು ಅಮ್ಮ ಅಪ್ಪನನ್ನು ಹೊರಡಿಸಿದ್ದಾಳೆಂದು ನನಗೆ ತಿಳಿಯಿತು. ನಾನು ಟ್ರಂಕು ತುಂಬಿಸಿ ಹಾಸ್ಟೆಲಿನ ಜಗಲಿಗೆ ಎಳೆದು ತಂದು ಕುಳಿತೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಅಪ್ಪ ಬಂದರು. ಟ್ರಂಕನ್ನು ಎತ್ತಲು ನೋಡಿದರು, ಅದು ಅಲ್ಲಾಡಲಿಲ್ಲ.

“ಎಂತ ಉಂಟು ಇದರಲ್ಲಿ?”

“ಕಲ್ಲು.”

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಮಾರ್ಕಿನ ಸುದ್ದಿ ಎತ್ತಲಿಲ್ಲ. ಅಂಗಿಯ ತೋಳು ಮಡಚುತ್ತ, ಯಾರೋ ಪರಿಚಯವಿಲ್ಲದವರನ್ನು ಮಾತಾಡಿಸುವ ಹಾಗೆ ಕೇಳಿದರು: “ಇಲ್ಲಿ ಎಂತ ಕಲಿಸುದು ಮಾರಾಯ್ರೆ?”

ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವರು! ಟ್ರಂಕು ತೆರೆದು ಒಂದು ಕಲ್ಲು ಅವರ ಕೈಗಿಟ್ಟೆ. ಅದು ಚಾಮುಂಡಿ ಬೆಟ್ಟದ ಬುಡದ್ದು. ಅದರೊಳಗೆ ಮಿನುಗುವುದು ಏನು, ಅದು ಮೇಣದ ಹಾಗೆ ಕರಗಿದ್ದು ಎಲ್ಲಿ, ಮೆಲ್ಲಗೆ ತಣಿದರೆ ಹರಳು ಯಾಕೆ ದೊಡ್ಡದಾಗುತ್ತದೆ ಎಂದೆಲ್ಲ ಹೇಳಿದೆ. ಎರಡನೆಯದನ್ನು ಕೊಟ್ಟೆ. ಮೂರನೆಯದನ್ನು ಅವರೇ ಟ್ರಂಕಿನ ತಳಕ್ಕೆ ಕೈ ಹಾಕಿ ತೆಗೆದು, “ಇದು?” ಎಂದರು. ಅದೂ ಗೊತ್ತಿತ್ತು. ನಾನು ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು, ಊರಿಗೆ ಹೋಗುವ ಮಡಿಕೇರಿಯ ಬಸ್ಸು ತಪ್ಪಿತು.

ಆಮೇಲೆ ಅಪ್ಪ ಕಲ್ಲುಗಳನ್ನೆಲ್ಲ ಒಂದೊಂದಾಗಿ ಟ್ರಂಕಿಗೆ ಹಾಕಿದರು. ಮುಚ್ಚಳ ಮುಚ್ಚಿ, ಚಿಲಕ ಹಾಕಿ, ಹಗ್ಗ ಕೇಳಿ ತರಿಸಿ, ಸುತ್ತಲೂ ಬಿಗಿದು ಗಂಟು ಹಾಕಿದರು. ನಾನು ಆ ಗಂಟನ್ನೇ ನೋಡುತ್ತಿದ್ದೆ. ಹಾಸ್ಟೆಲಿನೊಳಗೆ ಗಂಡಸರು ಹೋಗುವಂತಿರಲಿಲ್ಲ. ಟ್ರಂಕನ್ನು ದೂಡಿಕೊಂಡು ಬಾಗಿಲಿನ ಹೊಸ್ತಿಲವರೆಗೆ ತಂದು ಬಿಟ್ಟರು.

“ಇನ್ನು ಒಳಗೆ ನೀನೇ ಎಳ್ಕೊ ಮಗಾ. ಭಾರ ಉಂಟು” ಎಂದು ಹೇಳಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಲು ಹೊರಟರು.