ನೇತ್ರಾಣಿಗೆ ಬಿಟ್ಟ ಹುಂಜ

ಮುಟ್ಟಳ್ಳಿಯ ರಮಾನಂದ ಮಾಸ್ತರಿಗೆ ಹಕ್ಕಿಯ ಹುಚ್ಚು. ಮಗ್ಗಿ ಒಪ್ಪಿಸುತ್ತಿದ್ದ ಹುಡುಗರನ್ನು ಅರ್ಧಕ್ಕೇ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುವ ಮನುಷ್ಯ. ಭಟ್ಕಳದಿಂದ ಕುಮಟೆಯವರೆಗಿನ ಗದ್ದೆ, ಹೊಳೆಗಳ ಹಕ್ಕಿಗಳೆಲ್ಲ ಅವರಿಗೆ ನೆಂಟರಷ್ಟು ಪರಿಚಯ. ಮನೆಯಲ್ಲಿ ಹೆಂಡತಿ ಮಂಗಲಾ ಉಂಡಳೋ ಬಿಟ್ಟಳೋ, ಅದು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲ ಬೇರೆ. ಕಡಲ ದಂಡೆಯಲ್ಲಿ ದುರ್ಬೀನು ಹಿಡಿದು ನಿಂತದ್ದಕ್ಕೆ ಪೊಲೀಸರು ಒಮ್ಮೆ ಅವರನ್ನು ಠಾಣೆಗೆ ಕರೆದೊಯ್ದು ಕೂರಿಸಿದ್ದರು. ಮಂಗಲಾ ಹೋಗಿ, ಕೈಮುಗಿದು ಬಿಡಿಸಿಕೊಂಡು ಬಂದಳು. ಬರುವ ದಾರಿಯುದ್ದಕ್ಕೂ ಈ ಮಹಾರಾಯರು ಮರ ನೋಡುತ್ತಲೇ ಬಂದರು.

ಅವರಿಗೆ ಉಳಿದದ್ದು ಒಂದೇ ಆಸೆ, ಕಡಲ ನಡುವಿನ ನೇತ್ರಾಣಿ ಗುಡ್ಡ. ಅಲ್ಲಿ ಹಾಲಿನಂಥ ಬಿಳಿ ಪಾರಿವಾಳವಿದೆ, ರೆಕ್ಕೆಯ ತುದಿ ಮಾತ್ರ ಕಪ್ಪು, ದಡದ ಕಡೆ ಅದು ಸುಳಿಯುವುದೇ ಇಲ್ಲ ಎಂದು ಮೀನುಗಾರರು ಹೇಳುತ್ತಿದ್ದರು. ಅಂಥದೊಂದನ್ನು ಮಾಸ್ತರು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಆದರೆ ಹಾಯಿದೋಣಿಯ ಬೊಮ್ಮಯ್ಯ ಸುಮ್ಮನೆ ಯಾರನ್ನೂ ಅಲ್ಲಿಗೆ ಒಯ್ಯುವವನಲ್ಲ. ಗುಡ್ಡದ ಮೇಲೆ ಬೀರ ದೇವರಿದ್ದಾನೆ. ಹರಕೆ ಹೊತ್ತವರು ಆಡನ್ನೋ ಹುಂಜವನ್ನೋ ತಂದು, ಬೇಡಿಕೆಯನ್ನು ಬಾಯಿಬಿಟ್ಟು ಹೇಳಿ, ಜೀವಂತ ಬಿಟ್ಟು ಬರಬೇಕು.

"ಹಕ್ಕಿ ನೋಡೂಕೆ ಅಂತ ಹೋದ್ರೆ ಬೀರ ಸುಮ್ನೆ ಇರ್ತಾನಾ ಮಾಸ್ತರೇ? ಹರಕೆ ಇದ್ರೆ ಹೇಳಿ, ಕರ್ಕಂಡು ಹೋಗ್ತೆ," ಎಂದ ಬೊಮ್ಮಯ್ಯ.

"ಹರಕೆ ಇದೆ ಮಾರಾಯ. ನಮಗೊಂದು ಮಗು ಆಗ್ಲಿ ಅಂತ."

ದೇವರನ್ನು ಗೇಲಿ ಮಾಡುವ ಮಾಸ್ತರ ಬಾಯಿಂದ ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಸುಳ್ಳು ಹೇಳಿದೆನೆಂದು ಕೂಡ ಅವರಿಗೆ ಅನ್ನಿಸಲಿಲ್ಲ.

ಅವರು ಮನೆ ಮುಟ್ಟುವ ಮೊದಲೇ ಬೊಮ್ಮಯ್ಯನ ಹೆಂಡತಿ ಗಣಪಿ ಬಂದು ಸುದ್ದಿ ಹೇಳಿ ಹೋಗಿದ್ದಳು. ಮದುವೆಯಾಗಿ ವರ್ಷಗಳೇ ಕಳೆದರೂ ಮಂಗಲಾಳ ಮಡಿಲು ತುಂಬಿರಲಿಲ್ಲ. ಊರ ಹೆಂಗಸರ ಮಾತನ್ನು ಅವಳು ಒಬ್ಬಳೇ ನುಂಗಿಕೊಂಡವಳು. ಗಂಡ ಬೈದವರೂ ಅಲ್ಲ, ಸಮಾಧಾನ ಹೇಳಿದವರೂ ಅಲ್ಲ. ಆ ಸಂಜೆ ಬಡಿಸುವಾಗ ಅವಳ ಕೈ ನಡುಗುತ್ತಿತ್ತು.

"ನಿಮ್ಗೂ ಈ ಚಿಂತೆ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು.

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ದೋಣಿ ಹೊರಡುವುದರಲ್ಲಿತ್ತು. ಮಾಸ್ತರು ತಲೆ ತಗ್ಗಿಸಿ ಉಂಡರು. ಮರಿಯಿಂದ ಕೈಯಾರೆ ಅಕ್ಕಿ ಹಾಕಿ ಸಾಕಿದ ಕೆಂಪು ಹುಂಜವನ್ನೇ ಮಂಗಲಾ ಆರಿಸಿದಳು. ತನ್ನ ಧಾರೆ ಸೀರೆಯ ಅಂಚು ಹರಿದು ಅದರ ಕಾಲಿಗೆ ಕಟ್ಟಿದಳು.

ಗುಡ್ಡದ ಬಂಡೆಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಅದು ಕಂಡಿತು. ಬಿಳೀ ಮೈ, ಕಪ್ಪು ರೆಕ್ಕೆತುದಿ. ಮಾಸ್ತರು ದುರ್ಬೀನು ಎತ್ತಿದರು.

"ಮಾಸ್ತರೇ, ಹರಕೆ ಹೇಳಿ," ಎಂದ ಬೊಮ್ಮಯ್ಯ, ಹುಂಜ ಹಿಡಿದುಕೊಂಡು.

"ಆತು, ಆತು, ಬಿಡು ಅದನ್ನ!" ಎನ್ನುತ್ತ ಅವರು ಬಂಡೆಯಿಂದ ಬಂಡೆಗೆ ಹಾರಿ ಹಕ್ಕಿಯ ಹಿಂದೆ ಓಡಿದರು. ಅಷ್ಟು ಸುಖವನ್ನು ಅವರು ಹಿಂದೆಂದೂ ಪಟ್ಟಿರಲಿಲ್ಲ. ಮರಳುವಾಗ ದಾರಿಯೆಲ್ಲ ಹಕ್ಕಿಯದೇ ಮಾತು. ಬೊಮ್ಮಯ್ಯ ಮಾತ್ರ ಗುಡ್ಡದ ಕಡೆ ತಿರುಗಿ ತಿರುಗಿ ಕೈಮುಗಿಯುತ್ತಿದ್ದ.

"ಹರಕೆ ಸರಿಯಾಗಿ ಹೇಳಿದ್ರಾ?" ಬಾಗಿಲಲ್ಲೇ ಕಾದಿದ್ದ ಮಂಗಲಾ ಕೇಳಿದಳು.

"ಹೇಳ್ದೆ," ಎಂದರು.

ಮಗುವಾಗಲಿಲ್ಲ. ಮರುವರ್ಷ ಮಳೆ ಮುಗಿಯುತ್ತಲೇ ಅವಳು ಇನ್ನೊಂದು ಹುಂಜ ಸಾಕಿಟ್ಟಿದ್ದಳು. "ಬೀರನಿಗೆ ಒಂದ್ಸಲಕ್ಕೆ ಕೇಳಿರ್ಲಿಕ್ಕಿಲ್ಲ. ಇನ್ನೊಂದ್ಸಲ ಹೋಗ್ಬನ್ನಿ." ಸುಳ್ಳು ಹೇಳಿ ಪಡೆದ ಯಾತ್ರೆ ಈಗ ಬೇಡವೆಂದರೂ ಕೊರಳಿಗೆ ಬಿತ್ತು. ಆ ಸಲ ಹುಂಜ ಬಿಡುವಾಗ ಮಾಸ್ತರಿಗೆ ಹೆಂಡತಿಯ ನಡುಗುವ ಕೈ ನೆನಪಾಯಿತು. ನಂಬದ ದೇವರ ಮುಂದೆ ನಿಂತು ಬಾಯಿಬಿಟ್ಟು ಹರಕೆ ಹೇಳಿದರು. ತಲೆಯ ಮೇಲೆ ಬಿಳಿ ಪಾರಿವಾಳಗಳ ಹಿಂಡೇ ಹಾದುಹೋಯಿತು. ಅವರು ಕತ್ತೆತ್ತಲಿಲ್ಲ. ಅದರ ಮುಂದಿನ ವರ್ಷವೂ ಹಾಗೇ ಆಯಿತು.

ಅಷ್ಟರಲ್ಲಿ ಯುದ್ಧ ಮುಗಿಯಿತು. ಮತ್ತೆ ದೋಣಿ ಹೊರಡುವ ದಿನ ಬಂತು. ಮಂಗಲಾ ಬುತ್ತಿಯನ್ನೂ ದುರ್ಬೀನನ್ನೂ ತಂದು ಜಗಲಿಯ ಮೇಲಿಟ್ಟಳು.

"ಹುಂಜ ಎಲ್ಲಿ?"

"ಹುಂಜ ಇಲ್ಲ. ಮೊದ್ಲಿನ ಸಲ ನೀವು ಹರಕೆ ಹೇಳ್ದೇ ಹಕ್ಕಿ ಹಿಂದೆ ಓಡಿದ್ರಂತಲ್ಲ. ಬೊಮ್ಮಯ್ಯ ಇಷ್ಟು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಮೊನ್ನೆ ಗಣಪಿ ಹೇಳ್ತು."

"ಆಮೇಲೆ ಹೇಳಿದ್ದೇನೆ ಮಂಗಲಾ. ಎರಡು ಸಲ, ಮನಸ್ಸಿಟ್ಟು ಹೇಳಿದ್ದೇನೆ."

"ಇರ್ಬಹುದು. ನಿಮ್ಗೂ ಚಿಂತೆ ಇದೆ ಅಂತ ನಾನು ಖುಷಿ ಪಟ್ಟದ್ದು ಮಾತ್ರ ಆ ಮೊದ್ಲಿನ ಸಲ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಹೊತ್ತಾಗ್ತದೆ. ಹಕ್ಕಿ ನೋಡ್ಕಂಡು ಬನ್ನಿ."

ದಂಡೆಯಲ್ಲಿ ಬೊಮ್ಮಯ್ಯ ಅವರ ಬರಿಗೈ ನೋಡಿದ. "ಈ ಸಲ ಹರಕೆ ಎಂತದು ಮಾಸ್ತರೇ?"

ಇನ್ನೊಂದು ಸುಳ್ಳು ಹೇಳಿದ್ದರೆ ದೋಣಿ ಹತ್ತಬಹುದಿತ್ತು. "ಎಂತದೂ ಇಲ್ಲ," ಎಂದರು ಮಾಸ್ತರು. ಬೊಮ್ಮಯ್ಯ ದೋಣಿ ನೂಕಿದ. ಹಾಯಿ ಕಣ್ಮರೆಯಾಗುವವರೆಗೆ ನಿಂತಿದ್ದು ಅವರು ಮನೆಗೆ ತಿರುಗಿದರು.

ಮಂಗಲಾ ಜಗಲಿಯಲ್ಲೇ ಇದ್ದಳು. ಅವರ ಕೈಯಿಂದ ಬುತ್ತಿ ತೆಗೆದುಕೊಂಡು, ಬಾಳೆಲೆ ಹಾಸಿ, ಅದನ್ನೇ ಬಿಚ್ಚಿ ಬಡಿಸಿದಳು. ಈಗ ಅವಳ ಕೈ ನಡುಗುತ್ತಿರಲಿಲ್ಲ.